ತಾರೇ ಜಮೀನ್ ಪರ್: ಅಪ್ಪ-ಅಮ್ಮ ನೋಡಿದ್ದೊಂದು, ಮೇಷ್ಟ್ರು ನೋಡಿದ್ದೊಂದು

ಒಳ್ಳೆಯ ಶಿಕ್ಷಕರ ಬಗ್ಗೆ ಬಂದ ಸಿನಿಮಾ ಯಾವುದು ಅಂತ ಕೇಳಿದರೆ ಹತ್ತರಲ್ಲಿ ಎಂಟು ಜನ ಹೇಳುವ ಹೆಸರು ‘ತಾರೇ ಜಮೀನ್ ಪರ್’. 2007ರ ಡಿಸೆಂಬರ್ 21ರಂದು ಬಿಡುಗಡೆಯಾದದ್ದು. ನಿರ್ದೇಶನ ಆಮಿರ್ ಖಾನ್, ಕಥೆ-ಚಿತ್ರಕಥೆ ಅಮೋಲ್ ಗುಪ್ತೆ. ಶಿಕ್ಷಕರ ತರಬೇತಿಗಳಲ್ಲಿ, ಪೋಷಕರ ಸಭೆಗಳಲ್ಲಿ ಈಗಲೂ ಇದನ್ನು ಹಾಕುತ್ತಾರೆ. ಆದರೆ ದೀಪ ಹೊತ್ತಿದ ಮೇಲೆ ನೋಡಿದವರೆಲ್ಲ ಒಂದೇ ಮಾತಾಡುವುದಿಲ್ಲ. ತಾಯಂದಿರು ಕಣ್ಣೊರೆಸಿಕೊಳ್ಳುತ್ತಾರೆ, ಅಪ್ಪಂದಿರು ಸುಮ್ಮನಾಗುತ್ತಾರೆ, ಶಿಕ್ಷಕರಲ್ಲಿ ಅರ್ಧದಷ್ಟು ಜನಕ್ಕೆ ಬೇಸರವಾಗಿರುತ್ತದೆ. ಸಿನಿಮಾದ ಹುಡುಗನಂತೆ ಓದು-ಬರಹಕ್ಕೆ ತಿಣುಕುವ ಮಕ್ಕಳಿಗೆ ದಿನವೂ ಪಾಠ ಹೇಳುವ ವಿಶೇಷ ಶಿಕ್ಷಕರು ಮೆಚ್ಚುತ್ತಲೇ ತಲೆ ಕೊಡವುತ್ತಾರೆ. ಇವರೆಲ್ಲರೂ ಅವರವರ ಮಟ್ಟಿಗೆ ಸರಿ. ಸಿನಿಮಾದೊಳಗೇ ಎರಡು ಮೂರು ಬೇರೆ ಬೇರೆ ಸಿನಿಮಾಗಳಿವೆ, ಯಾರ ಕಣ್ಣು ಯಾವುದರ ಮೇಲೆ ಬಿತ್ತು ಅನ್ನುವುದೇ ವ್ಯತ್ಯಾಸ.

ಕಥೆ ಎಲ್ಲರಿಗೂ ಗೊತ್ತಿರುವುದೇ. ಮುಂಬೈಯ ಎಂಟು ವರ್ಷದ ಈಶಾನ್ ಅವಸ್ಥಿ ಮೂರನೇ ಕ್ಲಾಸಿನಲ್ಲಿ ಎರಡನೇ ವರ್ಷ ಕೂತಿದ್ದಾನೆ, ಓದಲು ಬರೆಯಲು ಬರುವುದಿಲ್ಲ. ಅಣ್ಣ ಯೋಹಾನ್ ಎಲ್ಲದರಲ್ಲೂ ಮೊದಲು. ಅಪ್ಪ ಬೇಸತ್ತು ಈಶಾನನನ್ನು ಬೋರ್ಡಿಂಗ್ ಶಾಲೆಗೆ ಹಾಕುತ್ತಾರೆ. ಅಲ್ಲಿ ಹುಡುಗ ಬಣ್ಣ ಮುಟ್ಟುವುದನ್ನೂ ಬಿಟ್ಟು ಮುದುಡಿಹೋಗುತ್ತಾನೆ. ತಾತ್ಕಾಲಿಕ ಚಿತ್ರಕಲಾ ಶಿಕ್ಷಕ ರಾಮ್ ಶಂಕರ್ ನಿಕುಂಭ್ ಬಂದು ಅವನಿಗಿರುವುದು ಡಿಸ್ಲೆಕ್ಸಿಯಾ (ಬುದ್ಧಿ ಚುರುಕಿದ್ದರೂ ಓದು-ಬರಹ ಕೈಗೆ ಹತ್ತದ ಕಲಿಕೆಯ ತೊಡಕು) ಎಂದು ಗುರುತಿಸಿ ಕೈ ಹಿಡಿಯುತ್ತಾನೆ. ಎರಡೂಮುಕ್ಕಾಲು ಗಂಟೆಗೆ ಹತ್ತಿರದ ಸಿನಿಮಾದಲ್ಲಿ ಈ ಶಿಕ್ಷಕ ಕಾಣಿಸಿಕೊಳ್ಳುವುದು ಮಧ್ಯಂತರದ ಹೊತ್ತಿಗೆ. ಅಲ್ಲಿಯವರೆಗೂ ಪರದೆ ಪೂರ್ತಿ ದರ್ಶೀಲ್ ಸಫಾರಿ ಎಂಬ ಹುಡುಗನದು. ಸಿನಿಮಾದ ಅತ್ಯಂತ ಗಟ್ಟಿ ಭಾಗ ಇದೇ. ಮೋರಿಯಲ್ಲಿ ಮೀನು ಹಿಡಿಯುವುದು, ಶಾಲೆಗೆ ಚಕ್ಕರ್ ಹೊಡೆದು ಊರು ಸುತ್ತುವುದು, ಪರೀಕ್ಷೆಯಲ್ಲಿ ಮೂರು ಗುಣಿಸು ಒಂಬತ್ತು ಅಂದಾಗ ಮೂರನೇ ಗ್ರಹ ಭೂಮಿಯನ್ನು ಒಂಬತ್ತನೇ ಗ್ರಹ ಪ್ಲೂಟೊಗೆ ಡಿಕ್ಕಿ ಹೊಡೆಸಿ, ಉಳಿದದ್ದು ಭೂಮಿ, ಹಾಗಾಗಿ ಉತ್ತರ ಮೂರು ಎಂದು ಬರೆಯುವುದು. ಮಗುವಿನ ತಲೆ ಎಲ್ಲಿ ಓಡುತ್ತಿದೆ ಎಂದು ಒಳಗೆ ಕೂತು ನೋಡುವ ಅವಕಾಶ ಇದು. ಉತ್ತರ ಪತ್ರಿಕೆ ಮಾತ್ರ ನೋಡುವವರಿಗೆ ಸಿಕ್ಕದ್ದು ಇಲ್ಲಿ ಸಿಗುತ್ತದೆ.

ಪೋಷಕರಿಗೆ ಈ ಮೊದಲರ್ಧವೇ ಚುಚ್ಚುತ್ತದೆ. ಈಶಾನ್ ಪುಸ್ತಕದ ಅಂಚಿನಲ್ಲಿ ಪುಟಪುಟಕ್ಕೂ ಬಿಡಿಸಿಟ್ಟ ಚಿತ್ರ ನೆನಪಿರಬಹುದು. ಹಾಳೆಗಳನ್ನು ಸರಸರನೆ ತಿರುವಿದರೆ ಅಪ್ಪ, ಅಮ್ಮ, ಅಣ್ಣ ಒಂದು ಕಡೆ ನಿಂತಿದ್ದಾರೆ, ಚಿಕ್ಕವನು ದೂರ ದೂರ ಸರಿಯುತ್ತಾ ಹೋಗುತ್ತಾನೆ. ತಾಯಿ ಪಾತ್ರದ ಟಿಸ್ಕಾ ಚೋಪ್ರಾ ಅದನ್ನು ನೋಡುವ ಹೊತ್ತಿಗೆ ಸಭಾಂಗಣದಲ್ಲಿ ಮೂಗೆಳೆಯುವ ಸದ್ದು ಶುರುವಾಗಿರುತ್ತದೆ. ಅಪ್ಪಂದಿರ ಪ್ರತಿಕ್ರಿಯೆ ಬೇರೆ. ವಿಪಿನ್ ಶರ್ಮಾ ಮಾಡಿರುವ ತಂದೆ ಕೆಟ್ಟವನಲ್ಲ, ಹೆದರಿದವನು. ಈ ಸ್ಪರ್ಧೆಯಲ್ಲಿ ಮಗ ಹೇಗೆ ಬದುಕಿಯಾನು ಅನ್ನುವ ಭಯ ಅವನ ಬಾಯಲ್ಲಿ ‘ಸೋಮಾರಿ’, ‘ಬೇಕಂತಲೇ ಮಾಡ್ತಾನೆ’ ಎಂದು ಹೊರಬರುತ್ತದೆ. ಅದನ್ನು ಮುರಿಯಲು ನಿಕುಂಭ್ ಭಾಷಣ ಮಾಡುವುದಿಲ್ಲ. ಆಟದ ಡಬ್ಬಿಯೊಂದರ ಮೇಲಿನ ಪರಭಾಷೆಯ ಬರಹ ತೋರಿಸಿ ಓದಿ ಅನ್ನುತ್ತಾನೆ. ನನಗೆ ಆ ಭಾಷೆ ಬರುವುದಿಲ್ಲ ಅಂದರೂ ಬಿಡದೆ, ಮನಸ್ಸಿಟ್ಟು ನೋಡಿ ಅನ್ನುತ್ತಾನೆ. ಎರಡು ನಿಮಿಷದ ಈ ದೃಶ್ಯ ಪೋಷಕರ ಸಭೆಗೆ ಅತ್ಯುತ್ತಮ. ಇಡೀ ಸಿನಿಮಾ ತೋರಿಸಲು ಸಮಯವಿಲ್ಲದಿದ್ದರೆ ಇದೊಂದನ್ನೇ ತೋರಿಸಿದರೂ ಸಾಕು.

ಇನ್ನು ಶಿಕ್ಷಕರ ಸಿಟ್ಟು. ಸಿನಿಮಾದಲ್ಲಿ ನಿಕುಂಭ್ ಒಬ್ಬನನ್ನು ಬಿಟ್ಟರೆ ಉಳಿದ ಮೇಷ್ಟ್ರೆಲ್ಲ ಒಂದೋ ಬೈಯುತ್ತಾರೆ, ಇಲ್ಲಾ ಬೆರಳ ಗೆಣ್ಣಿಗೆ ಹೊಡೆಯುತ್ತಾರೆ, ಇಲ್ಲಾ ಹೊರಗೆ ನಿಲ್ಲಿಸುತ್ತಾರೆ. ಇದು ಅನ್ಯಾಯ ಎಂಬ ಮಾತಿನಲ್ಲಿ ಹುರುಳಿದೆ. ನಿಕುಂಭ್‌ಗೆ ಪೋರ್ಷನ್ ಮುಗಿಸುವ ಗೊಡವೆಯಿಲ್ಲ, ಅವನ ವಿಷಯಕ್ಕೆ ಬೋರ್ಡ್ ಪರೀಕ್ಷೆಯಿಲ್ಲ, ಬಿಸಿಯೂಟದ ಲೆಕ್ಕ, ಆನ್‌ಲೈನ್ ಹಾಜರಾತಿ, ಗಣತಿ ಕೆಲಸ ಯಾವುದೂ ಇಲ್ಲ. ಟ್ಯುಲಿಪ್ಸ್ ಎಂಬ ವಿಶೇಷ ಮಕ್ಕಳ ಶಾಲೆಯಲ್ಲಿ ಪಾಠ ಮಾಡಿದ ಅನುಭವ ಬೇರೆ ಇದೆ, ಚಿಕ್ಕಂದಿನಲ್ಲಿ ಅವನಿಗೂ ಇದೇ ತೊಂದರೆ ಇತ್ತು. ಮೂರು ತರಗತಿಯನ್ನು ಒಂದೇ ಕೋಣೆಯಲ್ಲಿ ಕೂರಿಸಿಕೊಂಡು ನಲಿಕಲಿ ನಡೆಸುವ ಟೀಚರಿಗೂ ಅವನಿಗೂ ಹೋಲಿಕೆ ಮಾಡಿದರೆ ಬೇಸರವಾಗದೆ ಇನ್ನೇನು? ಹಾಗಂತ ಆ ಬೇಸರದಲ್ಲಿ ಹಿಂದಿ ಪಾಠದ ದೃಶ್ಯವನ್ನು ತಪ್ಪಿಸಿಕೊಳ್ಳಬಾರದು. ಕವಿತೆಯ ಅರ್ಥವನ್ನು ಈಶಾನ್ ತನ್ನದೇ ಮಾತಿನಲ್ಲಿ ಹೇಳುತ್ತಾನೆ, ಮೇಷ್ಟ್ರು ತಪ್ಪು ಅನ್ನುತ್ತಾರೆ. ಪಕ್ಕದ ರಾಜನ್ ಗೈಡಿನಲ್ಲಿದ್ದಂತೆ ಒಪ್ಪಿಸಿ ಶಹಭಾಸ್ ಗಿಟ್ಟಿಸುತ್ತಾನೆ. ಆಮೇಲೆ ಅವನೇ ಈಶಾನ್‌ಗೆ ‘ಸರಿಯಾದ ಅರ್ಥ ಹೇಳಿದ್ದು ನೀನು’ ಅನ್ನುತ್ತಾನೆ. ಓದಲಾರದ ಮಗುವಿಗೆ ಕೇಳಿ ಅರ್ಥಮಾಡಿಕೊಳ್ಳಲು ಬರುತ್ತದೆ ಎಂಬ ಸುಳಿವು ಅಲ್ಲಿದೆ. ಕೇಳಿದ್ದು ತಿಳಿಯುತ್ತದೆ, ಬರೆದದ್ದು ತಿಳಿಯುವುದಿಲ್ಲ ಅಂದರೆ ತೊಡಕು ಬುದ್ಧಿಯದಲ್ಲ, ಅಕ್ಷರದ್ದು. ಯಾವ ತರಗತಿಯಲ್ಲಾದರೂ ಈ ಪರೀಕ್ಷೆಗೆ ಐದು ನಿಮಿಷ ಸಾಕು. ಒಂದು ಪಾಠವನ್ನು ನೀವೇ ಓದಿ ಹೇಳಿ, ಬಾಯಲ್ಲಿ ಪ್ರಶ್ನೆ ಕೇಳಿ. ಆಮೇಲೆ ಅಷ್ಟೇ ಕಷ್ಟದ ಇನ್ನೊಂದನ್ನು ಮಗುವೇ ಓದಲಿ, ಪ್ರಶ್ನೆ ಕೇಳಿ. ಎರಡರ ನಡುವೆ ಅಂತರ ದೊಡ್ಡದಿದ್ದರೆ ಗಮನ ಕೊಡಬೇಕು.

ಈ ಸಿನಿಮಾದಲ್ಲಿ ಶಿಕ್ಷಕ ನಿಜವಾಗಿ ಶಿಕ್ಷಕನಾಗುವುದು ಕುಣಿತದಲ್ಲಿ ಅಲ್ಲ, ಕಣ್ಣೀರಿನಲ್ಲಿ ಅಲ್ಲ, ನೋಟ್‌ಬುಕ್ ತಿರುವುವ ಹೊತ್ತಿನಲ್ಲಿ. ಬಹುಪಾಲು ಪ್ರೇಕ್ಷಕರು ಇದನ್ನು ದಾಟಿಕೊಂಡು ಹೋಗುತ್ತಾರೆ. ಹಳೆಯ ನೋಟ್‌ಬುಕ್ ತೆರೆದು ನಿಕುಂಭ್ ತಂದೆತಾಯಿಗೆ ತೋರಿಸುತ್ತಾನೆ: ಇಲ್ಲಿ ‘ಬಿ’ ಬದಲು ‘ಡಿ’, ಇಲ್ಲಿ ಅಕ್ಷರ ಕನ್ನಡಿಯಲ್ಲಿ ಕಂಡಂತೆ ತಿರುಗಿದೆ, ಇಲ್ಲಿ ಒಂದೇ ಪದ ಒಂದೊಂದು ಸಲ ಒಂದೊಂದು ಥರ. ತಪ್ಪುಗಳನ್ನು ಎಣಿಸದೆ ಅವುಗಳ ಜಾಡು ಹುಡುಕುತ್ತಾನೆ. ಕೆಂಪು ಗೆರೆ ಎಳೆಯುವುದಕ್ಕೂ ಇದಕ್ಕೂ ಇರುವ ದೂರವೇ ಈ ಪಾತ್ರದ ದೊಡ್ಡತನ.

ಕನ್ನಡ ಮಾಧ್ಯಮದವರು ಇದನ್ನು ನೋಡಿ ಮಕ್ಕಳ ಪುಸ್ತಕದಲ್ಲಿ ‘ಬಿ’-‘ಡಿ’ ಹುಡುಕಿದರೆ ಏನೂ ಸಿಗುವುದಿಲ್ಲ. ಕನ್ನಡದಲ್ಲಿ ಜಾಡು ಬೇರೆ. ಒಂದು ವಾರದ ಉಕ್ತಲೇಖನ ಎದುರಿಗಿಟ್ಟುಕೊಂಡು ತಪ್ಪುಗಳನ್ನು ಗುಂಪು ಮಾಡಿ. ‘ನೀರು’ ‘ನಿರು’ ಆಗಿದೆಯೇ, ‘ಕೋಳಿ’ ‘ಕೊಳಿ’ ಆಗಿದೆಯೇ? ಅದು ಹ್ರಸ್ವ-ದೀರ್ಘದ ತೊಡಕು. ‘ಬೆಕ್ಕು’ ‘ಬೆಕು’, ‘ಪುಸ್ತಕ’ ‘ಪುತಕ’ ಆಗಿದ್ದರೆ ಒತ್ತಕ್ಷರದ್ದು. ‘ಮಂಗ’ ‘ಮಗ’ ಆದರೆ ಅನುಸ್ವಾರದ್ದು. ‘ಕಮಲ’ ‘ಕಲಮ’ ಆದರೆ ಅಕ್ಷರಗಳ ಸರದಿಯದ್ದು. ವ-ಪ-ಮ, ದ-ಧ-ಥ ಅದಲುಬದಲಾದರೆ ಆಕಾರದ್ದು. ಅರ್ಕಾವೊತ್ತು ಎಲ್ಲಕ್ಕಿಂತ ತ್ರಾಸದಾಯಕ. ‘ಸೂರ್ಯ’ದಲ್ಲಿ ರಕಾರ ಕಿವಿಗೆ ಮೊದಲು ಬೀಳುತ್ತದೆ, ಕೈ ಅದನ್ನು ಕೊನೆಗೆ ಬರೆಯಬೇಕು. ಧ್ವನಿ ಒಂದು ಸಾಲಿನಲ್ಲಿ, ಬರಹ ಇನ್ನೊಂದು ಸಾಲಿನಲ್ಲಿ. ಇಲ್ಲಿ ಚುರುಕಾದ ಮಗುವೂ ಎಡವುತ್ತದೆ. ಅಂದಹಾಗೆ, ಕನ್ನಡದ ಅಕ್ಷರಜಾಲ ದೊಡ್ಡದು. ಮೂಲಾಕ್ಷರ ಮುಗಿದರೂ ಕಾಗುಣಿತ, ಒತ್ತು ಎಲ್ಲ ಸೇರಿ ಪೂರ್ತಿ ಹಿಡಿತಕ್ಕೆ ಬರಲು ಸಾಮಾನ್ಯ ಮಕ್ಕಳಿಗೇ ನಾಲ್ಕನೇ ಕ್ಲಾಸಿನವರೆಗೆ ಬೇಕಾಗುತ್ತದೆ. ಹಾಗಾಗಿ ಎರಡನೇ ಕ್ಲಾಸಿನ ಮಗು ಒತ್ತು ಬಿಟ್ಟ ಮಾತ್ರಕ್ಕೆ ಗಾಬರಿ ಬೇಡ. ಜೊತೆಯವರೆಲ್ಲ ದಾಟಿದ ಮೇಲೂ ಅದೇ ಗುಂಪಿನ ತಪ್ಪು ತಿಂಗಳುಗಟ್ಟಲೆ ಉಳಿದಿದ್ದರೆ ಮಾತ್ರ ಅನುಮಾನ.

ವಿಶೇಷ ಶಿಕ್ಷಕರು ತಲೆ ಕೊಡವುವುದು ಎರಡು ಕಡೆ. ಮೊದಲನೆಯದು ಲಕ್ಷಣಗಳ ಚಿತ್ರಣ. ಈಶಾನ್ ‘ಅಕ್ಷರಗಳು ಕುಣಿಯುತ್ತಿವೆ’ ಅನ್ನುತ್ತಾನೆ, ಪರದೆಯ ಮೇಲೆ ಅವು ಹುಳುವಿನಂತೆ ಹರಿದಾಡುತ್ತವೆ. ನೋಡಲು ಚೆನ್ನ. ಆದರೆ ಡಿಸ್ಲೆಕ್ಸಿಯಾದ ಬೇರು ಹೆಚ್ಚಾಗಿ ಕಣ್ಣಿನಲ್ಲಿಲ್ಲ, ಮಾತಿನ ಧ್ವನಿಯನ್ನು ಬಿಡಿಸಿ ಅಕ್ಷರಕ್ಕೆ ಜೋಡಿಸುವಲ್ಲಿದೆ. ಅಕ್ಷರ ಓಡಾಡಿದಂತೆ ಕಾಣುವುದೇ ಇಲ್ಲ ಅನ್ನುವ ಮಕ್ಕಳೇ ಹೆಚ್ಚು. ಸಿನಿಮಾ ನೋಡಿ ಬಂದ ಅಮ್ಮ ‘ಅಕ್ಷರ ಕುಣಿಯುತ್ತಾ ಪುಟ್ಟಾ?’ ಎಂದು ಕೇಳಿ, ಇಲ್ಲ ಅಂದ ತಕ್ಷಣ ನಿರಾಳವಾಗಿಬಿಟ್ಟರೆ ತೊಂದರೆ ಹಾಗೇ ಉಳಿಯುತ್ತದೆ. ಅಕ್ಷರ ತಿರುಗಿಸಿ ಬರೆಯುವುದೂ ಅಷ್ಟೆ. ಆರೇಳು ವರ್ಷದವರೆಗೆ ಯಾವ ಮಗುವೂ ಹಾಗೆ ಬರೆಯಬಹುದು, ಅದೊಂದೇ ಸಾಕ್ಷಿಯಾಗದು. ಇನ್ನು ಚೆಂಡು ಹಿಡಿಯಲಾಗದ್ದು, ಗುಂಡಿ-ಲೇಸು ಕಟ್ಟಲಾಗದ್ದು ಕೈಕಾಲಿನ ಹೊಂದಾಣಿಕೆಯ ಬೇರೆ ತೊಡಕು. ಡಿಸ್ಲೆಕ್ಸಿಯಾ ಜೊತೆ ಬರಬಹುದು, ಬಾರದೆಯೂ ಇರಬಹುದು. ಸಿನಿಮಾ ಎಲ್ಲವನ್ನೂ ಒಬ್ಬನ ತಲೆಗೆ ಕಟ್ಟಿದ್ದರಿಂದ, ಕ್ರಿಕೆಟ್ ಚೆನ್ನಾಗಿ ಆಡುವ ಹುಡುಗನಿಗೆ ಡಿಸ್ಲೆಕ್ಸಿಯಾ ಇರಲಿಕ್ಕಿಲ್ಲ ಎಂದು ನಂಬುವ ದೈಹಿಕ ಶಿಕ್ಷಕರಿದ್ದಾರೆ.

ಎರಡನೆಯದು ಕಲಿಕೆಯ ವೇಗ. ಮರಳಿನಲ್ಲಿ ಬರೆಸುವುದು, ಜೇಡಿಯಲ್ಲಿ ಅಕ್ಷರ ಮಾಡಿಸುವುದು, ಚರ್ಮದ ಮೇಲೆ ಬೆರಳಿಂದ ಬರೆಯುವುದು, ದೊಡ್ಡ ಚೌಕದಿಂದ ಚಿಕ್ಕ ಚೌಕಕ್ಕೆ ಅಕ್ಷರ ಇಳಿಸುವುದು, ಮೆಟ್ಟಿಲು ಹತ್ತಿ ಇಳಿದು ಕೂಡು-ಕಳೆ ಕಲಿಸುವುದು, ಎಲ್ಲವೂ ಒಂದು ಹಾಡಿನೊಳಗೆ ಮುಗಿಯುತ್ತದೆ. ವಿಧಾನಗಳು ಸುಳ್ಳಲ್ಲ. ಕಣ್ಣು, ಕಿವಿ, ಕೈ ಮೂರನ್ನೂ ಒಟ್ಟಿಗೆ ದುಡಿಸುವ ಈ ಕ್ರಮವನ್ನು ಅಮೆರಿಕದ ವೈದ್ಯ ಸ್ಯಾಮ್ಯುಯೆಲ್ ಆರ್ಟನ್, ಶಿಕ್ಷಣತಜ್ಞೆ ಆ್ಯನಾ ಗಿಲ್ಲಿಂಗ್‌ಹ್ಯಾಮ್ 1930ರ ದಶಕದಲ್ಲೇ ರೂಪಿಸಿದ್ದರು. ಸುಳ್ಳಾಗಿರುವುದು ಅವಧಿ. ವಾರಕ್ಕೆ ಮೂರು ನಾಲ್ಕು ದಿನ, ದಿನಕ್ಕೆ ಅರ್ಧ ಮುಕ್ಕಾಲು ಗಂಟೆ ಕೂತರೂ ಗಟ್ಟಿ ಬದಲಾವಣೆ ಕಾಣಲು ತಿಂಗಳುಗಳು ಬೇಕು, ಎಷ್ಟೋ ಮಕ್ಕಳಿಗೆ ಒಂದೆರಡು ವರ್ಷ. ದೊಡ್ಡವರಾದ ಮೇಲೂ ಓದು ನಿಧಾನವೇ ಇರಬಹುದು, ಕಾಗುಣಿತ ಕೈಕೊಡಬಹುದು. ಪೋಷಕರು ‘ಮೂರು ತಿಂಗಳಲ್ಲಿ ಸರಿಹೋಗುತ್ತಾ?’ ಎಂದು ಕೇಳುವುದು ಈ ಹಾಡಿನ ಕೊಡುಗೆ.

ಮರಳಿನ ತಟ್ಟೆಯನ್ನೇ ತೆಗೆದುಕೊಳ್ಳಿ. ಸಿನಿಮಾ ನೋಡಿ ಅನೇಕರು ಮನೆಯಲ್ಲಿ ಮಾಡಿ, ಹದಿನೈದು ದಿನಕ್ಕೆ ‘ಏನೂ ಪ್ರಯೋಜನ ಇಲ್ಲ’ ಎಂದು ಬಿಟ್ಟಿದ್ದಾರೆ. ಕಾರಣ ಸರಳ: ಮಗು ಬಾಯಿ ಮುಚ್ಚಿಕೊಂಡು ಬರೆದಿರುತ್ತದೆ. ಸದ್ದಿಲ್ಲದೆ ಮರಳಲ್ಲಿ ಬೆರಳಾಡಿಸಿದರೆ ಅದು ಚಿತ್ರ ಬಿಡಿಸುವುದಾಯಿತು, ಅಕ್ಷರ ಕಲಿಯುವುದಲ್ಲ. ಅಂಚಿರುವ ತಟ್ಟೆಗೆ ತೆಳ್ಳಗೆ ರವೆಯೋ ನಯವಾದ ಮರಳೋ ಹರಡಿ, ಬೆರಳೆಳೆದರೆ ತಟ್ಟೆಯ ತಳ ಕಾಣಬೇಕು. ನೀವು ಅಕ್ಷರದ ಧ್ವನಿ ಹೇಳಿ, ಮಗು ಹೇಳಲಿ, ಹೇಳುತ್ತಲೇ ಎರಡು ಬೆರಳಲ್ಲಿ ಬರೆಯಲಿ. ಅಳಿಸಿ, ಕಣ್ಣು ಮುಚ್ಚಿಸಿ ಮತ್ತೆ ಹೇಳುತ್ತಾ ಬರೆಸಿ. ಕೊನೆಗೆ ಅದೇ ಅಕ್ಷರ ಇರುವ ಎರಡು ಪದ ಓದಿಸಿ. ಒಂದು ಕೂತಿಗೆ ಒಂದೋ ಎರಡೋ ಅಕ್ಷರ, ಅಷ್ಟೇ. ಬ-ಭ ಒಂದೇ ದಿನ ಬೇಡ, ಒಂದು ಗಟ್ಟಿಯಾಗಿ ಕೆಲವು ವಾರ ಕಳೆದ ಮೇಲೆ ಇನ್ನೊಂದು. ಅ ಆ ಇ ಈ ಎಂದೇ ಶುರು ಮಾಡಬೇಕಿಲ್ಲ. ನಲಿಕಲಿಯ ರ ಗ ಸ ದ ಅ ಸಾಲು ಒಳ್ಳೆಯದು, ಐದು ಅಕ್ಷರಕ್ಕೇ ‘ಸರ’, ‘ದರ’, ‘ಅರಸ’ ಎಂದು ಪದ ಓದುವ ಖುಷಿ ಸಿಗುತ್ತದೆ. ಒತ್ತಕ್ಷರದಲ್ಲಿ ಮೊದಲು ಸಜಾತಿ (ಅಕ್ಕ, ಅಪ್ಪ, ಹಳ್ಳ), ಅದು ಕೈಗೆ ಹತ್ತಿದ ಮೇಲೆ ವಿಜಾತಿ, ಎಲ್ಲಕ್ಕೂ ಕೊನೆಗೆ ಅರ್ಕಾವೊತ್ತು. ತಪ್ಪಿದ ಪದವನ್ನು ಇಪ್ಪತ್ತು ಸಲ ಕಾಪಿ ಬರೆಸುವುದನ್ನಂತೂ ಪೂರ್ತಿ ಬಿಡಬೇಕು. ಐದನೇ ಸಲಕ್ಕೆ ಮಗು ಪದವನ್ನು ನೋಡುವುದು ಬಿಟ್ಟು ಒಂದೊಂದೇ ಅಕ್ಷರವನ್ನು ಕೆಳಕ್ಕೆ ಸಾಲಾಗಿ ಇಳಿಸುತ್ತಿರುತ್ತದೆ.

ಸಿನಿಮಾದ ಪ್ರಭಾವದಿಂದ ಆದ ಇನ್ನೊಂದು ಎಡವಟ್ಟೆಂದರೆ ಓದದ ಮಕ್ಕಳೆಲ್ಲ ‘ತಾರೇ ಜಮೀನ್ ಕೇಸು’ ಆಗಿಬಿಡುವುದು. ನಿಕುಂಭ್ ನೋಟ್‌ಬುಕ್ ನೋಡಿಯೇ ತೀರ್ಮಾನಕ್ಕೆ ಬರುತ್ತಾನೆ, ಅವನಿಗೆ ಚಿತ್ರಕಥೆಯ ಬೆಂಬಲವಿದೆ. ನಮ್ಮಲ್ಲಿ ಅದಕ್ಕೂ ಮೊದಲು ಕಣ್ಣಿನ ಪರೀಕ್ಷೆ, ಕಿವಿಯ ಪರೀಕ್ಷೆ ಆಗಬೇಕು. ಹಾಜರಾತಿ ನೋಡಬೇಕು. ಕಬ್ಬು ಕಡಿಯಲು, ಕಟ್ಟಡದ ಕೆಲಸಕ್ಕೆ ಗುಳೆ ಹೋಗುವ ಮನೆಯ ಮಗು ವರ್ಷದಲ್ಲಿ ಎಷ್ಟು ದಿನ ಶಾಲೆಯಲ್ಲಿತ್ತು? ಮನೆಮಾತು ಯಾವುದು? ತಾಂಡಾದಿಂದ ಬರುವ ಲಂಬಾಣಿ ಮಗು, ತುಳು, ಉರ್ದು, ತೆಲುಗು, ಕೊಂಕಣಿ ಮಾತಾಡುವ ಮಗು ಕನ್ನಡದ ಕ್ಲಾಸಿನಲ್ಲಿ ಮೊದಲ ಒಂದೆರಡು ವರ್ಷ ತಡವರಿಸಿದರೆ ಅದು ಭಾಷೆ ಹೊಸದಾದ್ದರಿಂದ. ಇವಿಷ್ಟನ್ನೂ ನೋಡಿದ ಮೇಲೂ ಅನುಮಾನ ಉಳಿದರೆ ತಾಲ್ಲೂಕಿನ ಸಂಪನ್ಮೂಲ ಕೇಂದ್ರದಲ್ಲಿ (ಬಿಆರ್‌ಸಿ) ವಿಶೇಷ ಅಗತ್ಯದ ಮಕ್ಕಳನ್ನು ನೋಡಿಕೊಳ್ಳುವ ಬಿಐಇಆರ್‌ಟಿ ಶಿಕ್ಷಕರನ್ನು ಕೇಳಿ, ಪರೀಕ್ಷೆಗೆ ಬೆಂಗಳೂರಿನ ನಿಮ್ಹಾನ್ಸ್, ಮೈಸೂರಿನ ವಾಕ್ ಶ್ರವಣ ಸಂಸ್ಥೆಯಂಥ ಕಡೆ ಹೋಗಬೇಕು. ಹೋಗುವಾಗ ಹಿಂದಿನ ಎರಡು ವರ್ಷದ ನೋಟ್‌ಬುಕ್‌ಗಳು, ಅಂಕಪಟ್ಟಿ, ಶಾಲೆಯಿಂದ ಒಂದು ಪತ್ರ ಒಯ್ಯಿರಿ. ಅಂದವಾಗಿ ಬರೆದ ಹೋಂವರ್ಕ್ ಪುಸ್ತಕ ಉಪಯೋಗಕ್ಕೆ ಬಾರದು, ಅದು ಅಮ್ಮನೋ ಅಕ್ಕನೋ ಹೇಳಿ ಬರೆಸಿದ್ದು. ಬೇಕಾದ್ದು ಕ್ಲಾಸ್‌ವರ್ಕ್ ಮತ್ತು ಉಕ್ತಲೇಖನ.

ನಿಕುಂಭ್ ಹೇಳುವ ಐನ್‌ಸ್ಟೈನ್, ಡಾವಿಂಚಿ ಪಟ್ಟಿಯನ್ನು ತರಬೇತಿಯಲ್ಲಿ ಹಾಗೇ ಒಪ್ಪಿಸುವುದು ಬೇಡ. ಅವರಿಗೆ ಡಿಸ್ಲೆಕ್ಸಿಯಾ ಇತ್ತೆಂದು ಸಾಬೀತಾಗಿಲ್ಲ. ಅವನೇ ಹೇಳುವ, ಬೈದು ಬೈದೇ ಮರ ಒಣಗಿಸುವ ಸಾಲೊಮನ್ ದ್ವೀಪದವರ ಕಥೆಗೂ ಗಟ್ಟಿ ಪುರಾವೆಯಿಲ್ಲ.

ಕೊನೆಯ ಚಿತ್ರಕಲಾ ಸ್ಪರ್ಧೆಯ ಬಗ್ಗೆ ಜಗಳ ಜೋರು. ಕಲಾವಿದೆ ಲಲಿತಾ ಲಾಜ್ಮಿ ತೀರ್ಪುಗಾರರಾಗಿ ಬಂದು ಈಶಾನ್‌ಗೆ ಬಹುಮಾನ ಕೊಡುತ್ತಾರೆ, ಅವನ ಚಿತ್ರ ಶಾಲೆಯ ಪುಸ್ತಕದ ಮುಖಪುಟವಾಗುತ್ತದೆ. ಒಂದು ಪಕ್ಷ ಹೇಳುವುದು: ಇಷ್ಟು ಹೊತ್ತು ಸ್ಪರ್ಧೆ ಬೇಡ ಎಂದು ಹೇಳಿ ಕೊನೆಗೆ ಸ್ಪರ್ಧೆಯಲ್ಲೇ ಗೆಲ್ಲಿಸಿದ್ದು ಸರಿಯೇ? ಓದಲೂ ಬಾರದ, ಚಿತ್ರವೂ ಬಾರದ ಮಗುವಿನ ಗತಿಯೇನು? ಇನ್ನೊಂದು ಪಕ್ಷ ಹೇಳುವುದು: ಸದಾ ಸೋತ ಹುಡುಗ ಒಮ್ಮೆ ಎಲ್ಲರೆದುರು ಗೆಲ್ಲುವುದನ್ನು ನೋಡುವ ಸುಖವನ್ನೂ ಕಿತ್ತುಕೊಳ್ಳಬೇಡಿ. ನನ್ನ ಮತ ಮೊದಲನೆಯವರಿಗೆ. ಡಿಸ್ಲೆಕ್ಸಿಯಾ ಇರುವ ಮಕ್ಕಳಲ್ಲಿ ಬಹುಪಾಲು ಅಸಾಧಾರಣ ಚಿತ್ರಕಾರರಲ್ಲ, ಸಾಧಾರಣ ಮಕ್ಕಳು. ‘ನಿನಗೆ ಯಾವ ಪ್ರತಿಭೆ ಇದೆ?’ ಎಂದು ಹುಡುಕುವ ಹೊಸ ಕಾಟವೊಂದು ಅವರ ಹೆಗಲೇರಿದೆ. ಕರಾಟೆ, ಡ್ರಾಯಿಂಗ್, ಕೀಬೋರ್ಡ್ ಎಂದು ಸಂಜೆಯೆಲ್ಲ ಓಡಾಡಿಸಿ, ಓದು ಕಲಿಸಬೇಕಾದ ಹೊತ್ತು ಅದರಲ್ಲೇ ಕಳೆದುಹೋಗುತ್ತದೆ. ಈಶಾನ್ ಮೆಲ್ಲಗೆ ಓದಲು ಕಲಿತದ್ದೇ ಗೆಲುವು. ಸಿನಿಮಾ ಅದನ್ನು ಹಾಡಿನಲ್ಲಿ ಮುಗಿಸಿ ಚಪ್ಪಾಳೆಯನ್ನು ಬಣ್ಣಕ್ಕೆ ಕೊಟ್ಟಿತು.

ಈಗ ನೋಡುವವರಿಗೆ ಒಂದು ಎಚ್ಚರಿಕೆ. ಈಶಾನ್ ಫೇಲಾದ್ದರಿಂದಲೇ ಮನೆಯವರು ಎಚ್ಚೆತ್ತರು. 2010ರ ಏಪ್ರಿಲ್‌ನಲ್ಲಿ ಶಿಕ್ಷಣ ಹಕ್ಕು ಕಾಯ್ದೆ ಜಾರಿಯಾದ ಮೇಲೆ ಮೂರನೇ ಕ್ಲಾಸಿನಲ್ಲಿ ಮಗುವನ್ನು ಹಿಂದೆ ಉಳಿಸುವಂತಿಲ್ಲ, 2019ರ ತಿದ್ದುಪಡಿ ಅವಕಾಶ ಕೊಟ್ಟಿರುವುದೂ ಐದು ಮತ್ತು ಎಂಟಕ್ಕೆ ಮಾತ್ರ. ಮಗುವಿಗೆ ಅವಮಾನ ತಪ್ಪಿತು, ಒಳ್ಳೆಯದೇ. ಆದರೆ ಇವತ್ತಿನ ಈಶಾನ್ ಯಾರ ಕಣ್ಣಿಗೂ ಬೀಳದೆ ಮೇಲೆ ಮೇಲೆ ಹೋಗಿ, ಹೈಸ್ಕೂಲಿನಲ್ಲಿ ಸಿಕ್ಕಿಬೀಳುತ್ತಾನೆ. ಇನ್ನೊಂದು ಬದಲಾವಣೆ ಅವನ ಪರವಾಗಿದೆ. ಸಿನಿಮಾ ಬಂದಾಗ ಇದ್ದ 1995ರ ಅಂಗವಿಕಲರ ಕಾಯ್ದೆಯಲ್ಲಿ ಕಲಿಕಾ ನ್ಯೂನತೆಯ (ಡಿಸ್ಲೆಕ್ಸಿಯಾ ಇದರೊಳಗೇ ಬರುತ್ತದೆ) ಹೆಸರೇ ಇರಲಿಲ್ಲ. ಅದರ ಜಾಗಕ್ಕೆ ಬಂದ 2016ರ ಕಾಯ್ದೆಯ 21 ನ್ಯೂನತೆಗಳಲ್ಲಿ ಅದೂ ಸೇರಿದೆ. ಪ್ರಮಾಣಪತ್ರ ಇದ್ದರೆ ಬರೆಯಲು ಸಹಾಯಕರು, ಗಂಟೆಗೆ 20 ನಿಮಿಷದ ಲೆಕ್ಕದಲ್ಲಿ ಹೆಚ್ಚುವರಿ ಸಮಯ, ಭಾಷಾ ವಿಷಯದಲ್ಲಿ ವಿನಾಯಿತಿಯಂಥ ಸೌಲಭ್ಯ ಕೇಳಬಹುದು, ಬೋರ್ಡಿನಿಂದ ಬೋರ್ಡಿಗೆ ವಿವರ ಬೇರೆ. 2018ರಲ್ಲಿ ಕೇಂದ್ರ ಹೊರಡಿಸಿದ ಮಾರ್ಗಸೂಚಿ 8 ವರ್ಷ ತುಂಬಿದ ಮೇಲೆ ಪ್ರಮಾಣಪತ್ರ, 14 ಮತ್ತು 18ರಲ್ಲಿ ಮರುಪರೀಕ್ಷೆ ಎಂದಿತ್ತು. ನಿಯಮ ಪರಿಷ್ಕರಣೆಯಾಗುತ್ತಿರುತ್ತದೆ, ಹಾಗಾಗಿ ಈಗ ಏನಿದೆ ಎಂದು ಆಸ್ಪತ್ರೆಯಲ್ಲೇ ಕೇಳಿಕೊಳ್ಳಿ. ಎಸ್ಸೆಸ್ಸೆಲ್ಸಿ ಹಾಲ್ ಟಿಕೆಟ್ ಬಂದ ಮೇಲೆ ಓಡಾಡಿದರೆ ಏನೂ ಆಗದು, ಪರೀಕ್ಷೆಗೆ ಹೆಸರು ನೋಂದಾಯಿಸುವಾಗಲೇ ಹೆಡ್‌ಮಾಸ್ಟರ ಕೈಗೆ ಕಾಗದ ತಲುಪಿರಬೇಕು.

ತರಬೇತಿಗೆ ಇದನ್ನು ಹಾಕುವವರು ಇಡೀ ಸಿನಿಮಾ ಒಂದೇ ಓಟದಲ್ಲಿ ತೋರಿಸದಿರುವುದು ಒಳ್ಳೆಯದು. ಅತ್ತು ಎದ್ದುಹೋದವರು ಮರುದಿನ ಕ್ಲಾಸಿನಲ್ಲಿ ಏನು ಮಾಡಬೇಕೆಂದು ಕೇಳುವುದಿಲ್ಲ. ನೋಟ್‌ಬುಕ್ ದೃಶ್ಯದಲ್ಲಿ ನಿಲ್ಲಿಸಿ, ಅವರವರ ಶಾಲೆಯ ಎರಡು ಉಕ್ತಲೇಖನದ ಹಾಳೆ ಕೈಗೆ ಕೊಟ್ಟು ತಪ್ಪುಗಳನ್ನು ಗುಂಪು ಮಾಡಲು ಹೇಳಿ, ಅರ್ಧ ಗಂಟೆ ಕೊಡಿ, ಆಮೇಲೆ ಮುಂದುವರಿಸಿ. ಮಕ್ಕಳಿಗೆ ತೋರಿಸುವುದಾದರೆ, ಕ್ಲಾಸಿನಲ್ಲಿ ತಡವರಿಸಿ ಓದುವ ಮಗುವಿಗೆ ಉಳಿದವರು ‘ಈಶಾನ್’ ಎಂದು ಅಡ್ಡಹೆಸರು ಇಡದಂತೆ ಮೊದಲೇ ನೋಡಿಕೊಳ್ಳಬೇಕು. ಹಿಂದಿ ಬಾರದ ಮಕ್ಕಳಿಗೆ ಸಬ್‌ಟೈಟಲ್ ಇದೆಯಲ್ಲ ಎಂದು ಕೂರಿಸಿಬಿಡಬೇಡಿ. ಓದಲು ಕಷ್ಟಪಡುವ ಮಗುವಿಗೆ ಓಡುವ ಸಬ್‌ಟೈಟಲ್ ಇನ್ನೊಂದು ಪರೀಕ್ಷೆ. ಪಕ್ಕದಲ್ಲಿ ಕೂತು ಮಾತುಗಳನ್ನು ಕನ್ನಡದಲ್ಲಿ ಹೇಳುತ್ತಾ ಹೋಗಿ.